ತಲೆನೋವಿನ ಬೆಟ್ಟದಿಂದ ಲಡಾಖಿನವರೆಗೆ

ಚೀನಾದ ಹಾನ್ ರಾಜವಂಶದ ಇತಿಹಾಸ ಗ್ರಂಥದಲ್ಲಿ ಎರಡು ವಿಚಿತ್ರ ಹೆಸರುಗಳು ಬರುತ್ತವೆ: ದೊಡ್ಡ ತಲೆನೋವಿನ ಬೆಟ್ಟ, ಚಿಕ್ಕ ತಲೆನೋವಿನ ಬೆಟ್ಟ. ಕ್ರಿಸ್ತಪೂರ್ವ 30ರ ಸುಮಾರಿಗೆ ಅಲ್ಲಿನ ಅಧಿಕಾರಿಯೊಬ್ಬ, ಪಶ್ಚಿಮದ ರಾಜ್ಯಕ್ಕೆ ರಾಯಭಾರಿಗಳನ್ನು ಕಳುಹಿಸುವುದು ಬೇಡವೆಂದು ವಾದಿಸುತ್ತ ಆ ದಾರಿಯ ಕಷ್ಟವನ್ನು ವಿವರಿಸಿದ. ಅಲ್ಲಿ ಮನುಷ್ಯರ ಮುಖ ಬಿಳಿಚಿಕೊಳ್ಳುತ್ತದೆ, ತಲೆ ಸಿಡಿಯುತ್ತದೆ, ವಾಂತಿಯಾಗುತ್ತದೆ. ಕತ್ತೆ, ದನಗಳಿಗೂ ಅದೇ ಗತಿ. ಹೆಸರಿಟ್ಟವರು ಕವಿಗಳಲ್ಲ, ಹತ್ತಿ ಬಳಲಿದವರು ಎಂಬುದು ಹೆಸರಿನಲ್ಲೇ ಗೊತ್ತಾಗುತ್ತದೆ.

ಬೇಸಿಗೆ ರಜೆಯಲ್ಲಿ ಹಿಮಾಲಯದ ಚಾರಣಕ್ಕೆ ಹೆಸರು ಕೊಡುವ ನಿಮ್ಮಲ್ಲಿ ಹಲವರಿಗೆ ಇದೇ ತಲೆನೋವು ಕಾದಿದೆ. ಇದರ ಕಾರಣ ತಿಳಿಯಲು ಮನುಷ್ಯನಿಗೆ ಸುಮಾರು ಎರಡು ಸಾವಿರ ವರ್ಷ ಹಿಡಿಯಿತು.

ಪೆರುವಿನ ಆಂಡಿಸ್ ಪರ್ವತಗಳನ್ನು ದಾಟುವಾಗ ಕಾಯಿಲೆ ಬಿದ್ದ ಸ್ಪೇನಿನ ಪಾದ್ರಿ ಹೋಸೆ ದ ಅಕೋಸ್ತ, ಅಲ್ಲಿನ ಗಾಳಿ ಮನುಷ್ಯನ ಉಸಿರಾಟಕ್ಕೆ ಒಗ್ಗದಷ್ಟು ತೆಳುವಾಗಿದೆ ಎಂದು 1590ರ ತನ್ನ ಪುಸ್ತಕದಲ್ಲಿ ಬರೆದ. ಅದನ್ನು ಪ್ರಯೋಗದಿಂದ ತೋರಿಸಿದವನು ಫ್ರಾನ್ಸಿನ ಪಾಲ್ ಬೆರ್, 1878ರಲ್ಲಿ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲೆಡೆಯೂ ಶೇಕಡಾ 21. ಆದರೆ ಮೇಲೇರಿದಂತೆ ವಾಯುವಿನ ಒತ್ತಡ ಕುಗ್ಗುತ್ತದೆ. 5,500 ಮೀಟರಿನಲ್ಲಿ ಅದು ಸಮುದ್ರಮಟ್ಟದ ಅರ್ಧದಷ್ಟು. ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕವೂ ಅರ್ಧವೇ. (ಇದು ಕ್ಯಾಮೆರಾಕ್ಕೆ ಸಿಕ್ಕದ ಸಂಗತಿ. ತೆಳು ಗಾಳಿ, ದಟ್ಟ ಗಾಳಿ ಎರಡೂ ಪರದೆಯ ಮೇಲೆ ಒಂದೇ. ಲೇಹ್ ತಲುಪಿದಾಗ ಚೀಲದೊಳಗೆ ಬಲೂನಿನಂತೆ ಉಬ್ಬಿರುವ ಕುರುಕಲು ಪೊಟ್ಟಣವನ್ನು ತೋರಿಸಬಹುದು, ಅಷ್ಟೇ.)

ತಲೆನೋವಿನ ಕಾರಣ ತಿಳಿಯಿತು. ಸಾವಿನ ಕಾರಣ ತಿಳಿಯಲಿಲ್ಲ. 1891ರಲ್ಲಿ ಜಾಕೋಟೆ ಎಂಬ ಯುವ ವೈದ್ಯ ಯುರೋಪಿನ ಮಾಂ ಬ್ಲಾಂ ಶಿಖರ ಹತ್ತಿದ. ಗಟ್ಟಿಮುಟ್ಟಾದ ಆಳು. ಸುಮಾರು 4,300 ಮೀಟರ್ ಎತ್ತರದ ಗುಡಿಸಲಿನಲ್ಲಿ ಮೈ ಕೆಟ್ಟಿತು. ಕೆಳಗಿಳಿಯೋಣವೆಂದರೆ ಒಪ್ಪಲಿಲ್ಲ, ಎತ್ತರ ತನ್ನ ದೇಹದ ಮೇಲೆ ಮಾಡುವ ಪರಿಣಾಮವನ್ನು ತಾನೇ ಗಮನಿಸಬೇಕೆಂಬ ಹಟ. ಅಲ್ಲೇ ತೀರಿಕೊಂಡ. ಶವಪರೀಕ್ಷೆಯಲ್ಲಿ ಶ್ವಾಸಕೋಶದಲ್ಲಿ ನೀರು ತುಂಬಿದ್ದುದು ಕಂಡಿತ್ತು. ಆದರೂ ಅದನ್ನು ನ್ಯುಮೋನಿಯಾದ ಲೆಕ್ಕಕ್ಕೇ ಸೇರಿಸಿದರು.

ಹೆಸರು ಯಾವುದಾದರೇನು ಎನ್ನಬೇಡಿ. ನ್ಯುಮೋನಿಯಾ ಎಂದರೆ ಸೋಂಕು. ಹಾಗೆಂದು ನಂಬಿದವರು ರೋಗಿಯನ್ನು ಬೆಚ್ಚಗೆ ಮಲಗಿಸುತ್ತಾರೆ, ಮದ್ದು ಕೊಡುತ್ತಾರೆ, ಬೆಳಗಾಗಲೆಂದು ಕಾಯುತ್ತಾರೆ. ಈ ಕಾಯಿಲೆಯಲ್ಲಿ ಆ ಕಾಯುವಿಕೆಯೇ ಪ್ರಾಣ ತೆಗೆಯುತ್ತದೆ. ಮುಂದಿನ ಸುಮಾರು 70 ವರ್ಷ ಪರ್ವತಾರೋಹಿಗಳು ಹೀಗೆ ‘ನ್ಯುಮೋನಿಯಾ’ದಿಂದ ಸಾಯುತ್ತಲೇ ಇದ್ದರು. ಪೆರುವಿನ ವೈದ್ಯರು 1930ರ ದಶಕದಲ್ಲೇ ನಿಜ ಸಂಗತಿಯನ್ನು ಸ್ಪ್ಯಾನಿಷ್ ಭಾಷೆಯಲ್ಲಿ ಬರೆದಿದ್ದರು. ಹೊರಗಿನವರು ಅದನ್ನು ಓದಲಿಲ್ಲ. ಕೊನೆಗೆ ಅಮೆರಿಕದ ವೈದ್ಯ, ಸ್ವತಃ ಪರ್ವತಾರೋಹಿ, ಚಾರ್ಲ್ಸ್ ಹ್ಯೂಸ್ಟನ್ 21 ವರ್ಷದ ಸ್ಕೀಯಿಂಗ್ ಪಟುವೊಬ್ಬನ ಪ್ರಕರಣವನ್ನು 1960ರಲ್ಲಿ ಪ್ರಕಟಿಸಿದರು. ಕೆಳಗೆ ತಂದು ಆಮ್ಲಜನಕ ಕೊಟ್ಟ ಕೆಲವೇ ದಿನಗಳಲ್ಲಿ ಹುಡುಗ ಚೇತರಿಸಿಕೊಂಡಿದ್ದ. ನ್ಯುಮೋನಿಯಾ ಇಷ್ಟು ಬೇಗ ಬಿಟ್ಟುಹೋಗುವುದಿಲ್ಲ. ಆಮ್ಲಜನಕ ಸಾಲದಾದಾಗ ಶ್ವಾಸಕೋಶದ ರಕ್ತನಾಳಗಳು ಬಿಗಿಯುತ್ತವೆ, ಒಳಗಿನ ಒತ್ತಡ ಏರುತ್ತದೆ, ನೀರು ಸೋರಿ ಗಾಳಿಗೂಡುಗಳನ್ನು ತುಂಬುತ್ತದೆ ಎಂಬುದು ಈಗ ನಮಗೆ ಗೊತ್ತು.

ಆ ಪ್ರಕಟಣೆಯ ಎರಡೇ ವರ್ಷಕ್ಕೆ, 1962ರಲ್ಲಿ, ಚೀನಾದೊಡನೆ ಯುದ್ಧವಾಯಿತು. ಬಯಲುಸೀಮೆಯ ನಮ್ಮ ಸೈನಿಕರು ವಿಮಾನಗಳಲ್ಲಿ, ಟ್ರಕ್ಕುಗಳಲ್ಲಿ ನೇರವಾಗಿ ಎತ್ತರದ ಗಡಿಗೆ ಧಾವಿಸಬೇಕಾಯಿತು. ಲೇಹ್ 3,500 ಮೀಟರ್, ಚುಷೂಲ್ 4,300 ಮೀಟರ್. ಒಗ್ಗಿಕೊಳ್ಳಲು ಸಮಯವೆಲ್ಲಿತ್ತು? ಗುಂಡು ತಾಗದೆಯೂ ಜವಾನರು ಕುಸಿದರು. ಸೇನೆಯ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು 1,925 ಸೈನಿಕರ ಅನುಭವವನ್ನು 1969ರಲ್ಲಿ ಪ್ರಕಟಿಸಿದರು. ಈ ಕಾಯಿಲೆಯ ಬಗ್ಗೆ ಅದಕ್ಕೆ ಮೊದಲು ಇಷ್ಟು ದೊಡ್ಡ ದಾಖಲೆ ಇರಲಿಲ್ಲ. ಅವರು ಸೂಚಿಸಿದ, ಮೂತ್ರ ಹೆಚ್ಚಿಸುವ ಔಷಧವನ್ನು ವೈದ್ಯರು ಮುಂದೆ ಕೈಬಿಟ್ಟರು. ಅವರು ಕಂಡು ಬರೆದ ಲಕ್ಷಣಗಳು ಮಾತ್ರ ಉಳಿದವು. ನಮ್ಮ ಸೇನೆ ಪಾಠ ಕಲಿತು ಏರುವುದಕ್ಕೂ ವೇಳಾಪಟ್ಟಿ ಮಾಡಿತು: 3,600 ಮೀಟರಿನವರೆಗೆ ಆರು ದಿನ, 4,500ರವರೆಗೆ ಮತ್ತೆ ನಾಲ್ಕು, ಅದಕ್ಕೂ ಮೇಲೆ ಇನ್ನೂ ನಾಲ್ಕು. ರಜೆಗೆ ಊರಿಗೆ ಬಂದು ಹೋದ ಹಳೆಯ ಸೈನಿಕನಿಗೂ ರಿಯಾಯಿತಿ ಇಲ್ಲ. ಅವನೂ ಮತ್ತೆ ಒಗ್ಗಿಕೊಳ್ಳಬೇಕು.

ಕನ್ನಡ ನಾಡಿನ ಹುಡುಗ ಹುಡುಗಿಯರಿಗೆ ಇಲ್ಲೊಂದು ವಿಶೇಷ ಅಪಾಯವಿದೆ. ನಮ್ಮ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಕುಮಾರ ಪರ್ವತ ಅದಕ್ಕಿಂತ ಕಡಿಮೆ. ಈ ಕಾಯಿಲೆ ಸಾಮಾನ್ಯವಾಗಿ ಶುರುವಾಗುವುದೇ 2,500 ಮೀಟರ್ ದಾಟಿದ ಮೇಲೆ. ಆದ್ದರಿಂದ ಊರಿನ ಬೆಟ್ಟಗಳನ್ನು ಹತ್ತು ಸಲ ಹತ್ತಿದ್ದೀರೆಂದರೆ ಕಾಲು ಪಳಗಿದೆಯೇ ಹೊರತು ಶ್ವಾಸಕೋಶವಲ್ಲ. ಗಟ್ಟಿ ದೇಹವೂ ರಕ್ಷಣೆಯಲ್ಲ. ಗಟ್ಟಿಗರು ಬೇಗ ಏರುತ್ತಾರೆ, ತಲೆನೋವನ್ನು ಹೇಳಿಕೊಳ್ಳಲು ನಾಚುತ್ತಾರೆ. ತೊಂದರೆ ಇರುವುದೇ ಅಲ್ಲಿ.

3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಜಾಗ ಹಿಂದಿನ ರಾತ್ರಿಯದಕ್ಕಿಂತ 500 ಮೀಟರಿಗೂ ಹೆಚ್ಚು ಮೇಲಿರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ನಿಲ್ಲಬೇಕು. ತಲೆನೋವಿನ ಜೊತೆ ವಾಕರಿಕೆ ಇದ್ದರೆ ಅಲ್ಲೇ ತಂಗಿ; ಕಡಿಮೆಯಾಗದಿದ್ದರೆ ಇಳಿಯಿರಿ. ಕುಳಿತಲ್ಲೇ ಏದುಸಿರು, ಬಿಡದ ಕೆಮ್ಮು, ನೀಲಿಗಟ್ಟಿದ ತುಟಿ, ನಸುಗೆಂಪು ನೊರೆಯ ಕಫ ಕಂಡರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದೇ ತಿಳಿಯಿರಿ. ಗೆಳೆಯ ತಡವರಿಸಿ ಮಾತಾಡುತ್ತಿದ್ದರೆ, ಒಂದು ಕಾಲಿನ ಹೆಬ್ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸುತ್ತ ನೇರ ಗೆರೆಯಲ್ಲಿ ನಡೆಯಲು ಹೇಳಿ. ತೂರಾಡಿದರೆ ಮಿದುಳು ಬಾತಿದೆ. ಎರಡರಲ್ಲಿ ಯಾವುದಾದರೂ ಸರಿ, ಆಮ್ಲಜನಕವಿದ್ದರೆ ಕೊಡುತ್ತ ತಕ್ಷಣ ಕೆಳಗಿಳಿಸಿ. ಹೊತ್ತುಕೊಂಡು ಹೋಗಬೇಕಾದೀತು, ರಾತ್ರಿಯೂ ಆಗಿದ್ದೀತು. ಜೊತೆಗೆ ದಾರಿ ಬಲ್ಲವರೊಬ್ಬರು ಇರಲೇಬೇಕು.