ಹೊಸಪೇಟೆ–ಹುಬ್ಬಳ್ಳಿ: 20 ನಿಮಿಷದ ಆಕಾಶ, 620 ಕಿ.ಮೀ. ಸುತ್ತು

ನಮ್ಮೂರ ಇತಿಹಾಸ | ಭಾಗ 7 ✈️

ಫೋನಿನಲ್ಲಿ ಮ್ಯಾಪ್ ತೆಗೀರಿ. ತೋರಣಗಲ್ಲಿನ ವಿದ್ಯಾನಗರ ಏರ್‌ಪೋರ್ಟ್‌ನಿಂದ ಹುಬ್ಬಳ್ಳಿ ಏರ್‌ಪೋರ್ಟ್‌ಗೆ ಒಂದು ನೇರ ಗೆರೆ ಎಳೀರಿ. ಸುಮಾರು 168 ಕಿ.ಮೀ. ಬರುತ್ತೆ. ಎಟಿಆರ್ ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ. ಅಂದ್ರೆ 20 ನಿಮಿಷ. ಏರೋದು, ಇಳಿಯೋದು ಸೇರಿಸಿದ್ರೂ ಮುಕ್ಕಾಲು ಗಂಟೆ ಸಾಕು.

ಆದ್ರೆ ವಿಮಾನ ಗೆರೆ ನೋಡ್ಕೊಂಡು ಹಾರಲ್ಲ, ಸೀಟು ನೋಡ್ಕೊಂಡು ಹಾರುತ್ತೆ.

ವಿದ್ಯಾನಗರದ ನಿಲ್ದಾಣ ಸಂಡೂರು ತಾಲ್ಲೂಕಿನಲ್ಲಿದೆ. ಅದು ಉಕ್ಕಿನ ಕಾರ್ಖಾನೆಯ ಖಾಸಗಿ ನಿಲ್ದಾಣ. ಸಣ್ಣ ಊರುಗಳಿಗೂ ವಿಮಾನ ಬರಲಿ ಅಂತ ಕೇಂದ್ರ ಸರ್ಕಾರ ಉಡಾನ್ ಯೋಜನೆ ತಂತು. ಆ ಯೋಜನೆಯಡಿ 2017ರ ಸೆಪ್ಟೆಂಬರ್‌ನಲ್ಲಿ ಟ್ರೂಜೆಟ್ ಇಲ್ಲಿಗೆ ಹಾರಾಟ ಶುರು ಮಾಡಿತು. ಒಂದು ಗಂಟೆಯ ಪ್ರಯಾಣಕ್ಕೆ ಸುಮಾರು 2,500 ರೂಪಾಯಿ, ಅದೂ ಅರ್ಧದಷ್ಟು ಸೀಟುಗಳಿಗೆ ಮಾತ್ರ. ಕಂಪನಿಗೆ ಆಗೋ ನಷ್ಟಕ್ಕೆ ಮೂರು ವರ್ಷ ಸರ್ಕಾರದ ನೆರವು. ಆಗ ಸಿಕ್ಕ ದಾರಿಗಳು ಯಾವುವು? ಹೈದರಾಬಾದ್, ಬೆಂಗಳೂರು. ಹುಬ್ಬಳ್ಳಿ ಅಲ್ಲ.

ಹಾಗಾಗಿ ಇಲ್ಲಿಂದ ಹುಬ್ಬಳ್ಳಿಗೆ ವಿಮಾನದಲ್ಲೇ ಹೋಗ್ತೀನಿ ಅಂತ ಹಟ ಹಿಡಿದ್ರೆ ಬೆಂಗಳೂರು ಸುತ್ತಬೇಕು. ಇಲ್ಲಿಂದ ಬೆಂಗಳೂರಿಗೆ ನೇರ ಗೆರೆಯಲ್ಲಿ ಸುಮಾರು 250 ಕಿ.ಮೀ., ಅಲ್ಲಿಂದ ಹುಬ್ಬಳ್ಳಿಗೆ 370. ಒಟ್ಟು 620! ಹಾರಾಟಕ್ಕೇ ಎರಡು ಗಂಟೆ, ನಡುವೆ ಕಾಯೋದು ಬೇರೆ. ಹೊಸಪೇಟೆ ಸ್ಟೇಷನ್‌ನಲ್ಲಿ ರೈಲು ಹತ್ತಿದ್ರೆ ಸುಮಾರು ಮೂರು ಗಂಟೇಲಿ ಹುಬ್ಬಳ್ಳಿ. ರೈಲೇ ಗೆದ್ದಂಗಾಯ್ತು.

ಈಗ 500 ವರ್ಷ ಹಿಂದಕ್ಕೆ ಬನ್ನಿ. 1520ರ ಆಸುಪಾಸಿನಲ್ಲಿ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಹಂಪಿಗೆ ಬಂದಿದ್ದ. ಭಟ್ಕಳದ ದಾರೀಲಿ ವರ್ಷಕ್ಕೆ ಐದಾರು ಸಾವಿರ ಹೇರೆತ್ತುಗಳು ಓಡಾಡ್ತಿದ್ವು ಅಂತ ಬರೆದಿದ್ದಾನೆ. ಪಶ್ಚಿಮ ಕರಾವಳಿಯಿಂದ ಬಂದವರು ರಾಜಧಾನಿಗೆ ಹೋಗೋಕೆ ಮೊದಲು ಕಾಲಿಡ್ತಿದ್ದ ಊರು ಕೃಷ್ಣದೇವರಾಯ ಕಟ್ಟಿಸಿದ ನಾಗಲಾಪುರ. ಅದೇ ನಮ್ಮ ಹೊಸಪೇಟೆ! ಆವತ್ತು ದಿನಗಟ್ಟಲೆ ನಡೀಬೇಕಿತ್ತು, ನಿಜ. ಆದ್ರೆ ದಾರಿ ನಮ್ಮ ಕಡೆಗೇ ಬರ್ತಿತ್ತು. ಈಗ ದಾರಿಗೆ ನಿಮಿಷ ಸಾಕು, ಆದ್ರೆ ಅದು ದೊಡ್ಡ ಊರಿನ ಕಡೆಗೇ ತಿರುಗುತ್ತೆ.

ಬಿಕಾಂ ಓದೋ ನಾವು ಇದರಲ್ಲಿ ಕಲಿಯೋದು ಇಷ್ಟೇ. ಎಪ್ಪತ್ತರಷ್ಟು ಸೀಟಿನ ವಿಮಾನ ದಿನಾ ತುಂಬಬೇಕು. ತುಂಬದಿದ್ರೆ ದಾರಿ ಮುಚ್ಚುತ್ತೆ. ಟ್ರೂಜೆಟ್ ಕಂಪನಿಯ ಹಾರಾಟವೇ 2022ರಲ್ಲಿ ನಿಂತುಹೋಯ್ತು. ದೂರವನ್ನು ಭೂಮಿ ತೀರ್ಮಾನಿಸಿದೆ. ಸಮಯವನ್ನು ತೀರ್ಮಾನಿಸೋದು ಮಾತ್ರ ಜನರ ಓಡಾಟ, ಕಂಪನಿಯ ಲೆಕ್ಕ, ಸರ್ಕಾರದ ಮನಸ್ಸು.

ಕಂಪ್ಲಿಯಿಂದ ಬೆಳಿಗ್ಗೆ ಬಸ್ ಹಿಡಿದು ಕಾಲೇಜಿಗೆ ಬರೋರಿಗೆ ಇದನ್ನ ಬಿಡಿಸಿ ಹೇಳೋದು ಬೇಕಿಲ್ಲ. ಕಿಲೋಮೀಟರು ಅಷ್ಟೇ ಇರುತ್ತೆ, ಒಂದು ಬಸ್ ತಪ್ಪಿದ್ರೆ ಊರು ದೂರ ಆಗುತ್ತೆ.

ಅದಕ್ಕೇ ಇನ್ಮೇಲೆ ಯಾರಾದ್ರೂ "20 ನಿಮಿಷದ ದಾರಿ" ಅಂದ್ರೆ, ಒಂದೇ ಪ್ರಶ್ನೆ ಕೇಳಿ: ಯಾವ ಊರಿನ ಮೇಲೆ?

ನಿಮ್ಮೂರಿಂದ ಹುಬ್ಬಳ್ಳಿಗೆ ಎಷ್ಟು ಹೊತ್ತು? ಕಾಮೆಂಟ್‌ನಲ್ಲಿ ಹೇಳಿ 👇