ಹುಟ್ಟಿದವರು, ಬಂದವರು: ರಾಯಚೂರು ಸೀಮೆಯ ಹೆಸರಾಂತರ ಪಟ್ಟಿ

ಒಂದು ಜಿಲ್ಲೆಯ ಹೆಸರಾಂತರು ಯಾರೆಂದು ಕೇಳಿದರೆ ಹುಟ್ಟೂರು ನೋಡಿ ಉತ್ತರ ಹೇಳುವುದು ರೂಢಿ. ಇಂಗ್ಲೆಂಡಿನಲ್ಲಿ ಥಾಮಸ್ ಫುಲ್ಲರ್ ಕೌಂಟಿವಾರು ಮಹನೀಯರ ಚರಿತ್ರೆ ಬರೆದಿಟ್ಟು ಹೋದ. ಅವನು ತೀರಿಕೊಂಡ ಮರುವರ್ಷ, 1662ರಲ್ಲಿ, ಅದು ಅಚ್ಚಾಯಿತು. ಯಾರು ಎಲ್ಲಿ ಹುಟ್ಟಿದರೋ ಆ ಕೌಂಟಿಗೆ ಅವರು ಸೇರಿದರು. ನಮ್ಮ ಜಿಲ್ಲಾ ದರ್ಶನಗಳೂ ಸಮ್ಮೇಳನಗಳ ಸ್ಮರಣ ಸಂಚಿಕೆಗಳೂ ಬಹುಮಟ್ಟಿಗೆ ಇದೇ ಅಳತೆಗೋಲನ್ನು ಹಿಡಿದಿವೆ. ರಾಯಚೂರಿಗೆ, ಅದರಲ್ಲೂ ಸಿಂಧನೂರು, ಲಿಂಗಸುಗೂರು, ಮಸ್ಕಿಯ ಸೀಮೆಗೆ ಈ ಅಳತೆ ಸಾಲದು ಎಂಬುದು ನನ್ನ ವಾದ. ಇಲ್ಲಿ ಹುಟ್ಟಿದವರ ಜೊತೆಗೆ ಹೊರಗಿನಿಂದ ಬಂದು ನೆಲೆನಿಂತವರೂ ಈ ನಾಡನ್ನು ಕಟ್ಟಿದ್ದಾರೆ. ಅವರನ್ನು ಎಣಿಸುವ ಕ್ರಮ ನಮ್ಮಲ್ಲಿ ಹಿಂದೆಯೇ ಇತ್ತು. ಸಿಂಧನೂರಿನ ಬಳಿ ಬಂಗಾಳಿ ನಿರಾಶ್ರಿತರು ನೆಲೆನಿಂತ ಆರ್.ಎಚ್. ಕ್ಯಾಂಪುಗಳವರೆಗೆ ಅದನ್ನು ನಾವು ತಂದಿಲ್ಲ, ಅಷ್ಟೇ.

ಈ ಸೀಮೆಯ ಮೊದಲ ಬರಹದಲ್ಲಿರುವ ಹೆಸರೇ ಹೊರಗಿನವನದು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯ ಬಂಡೆಯ ಮೇಲೆ ಕಂಡ ಶಾಸನ 'ದೇವಾನಂಪಿಯ' ಎಂಬ ಬಿರುದಿನ ಜೊತೆಗೆ ಅಶೋಕನೆಂಬ ಹೆಸರನ್ನೂ ಹೇಳಿತು. ಶಾಸನಗಳ ಆ ರಾಜ ಅಶೋಕನೇ ಎಂಬುದು ಅದರಿಂದ ಗಟ್ಟಿಯಾಯಿತು. ಅಕ್ಷರ ಕೊರೆದವನ ಹೆಸರು ಮಾತ್ರ ಅಲ್ಲಿಲ್ಲ. ಹೆಸರು ಉಳಿಯುವುದು ದಾಖಲಿಸುವ ಸಾಧನ ಯಾರ ಕೈಯಲ್ಲಿದೆ ಎಂಬುದರ ಮೇಲೆ ಎನ್ನಲು ಇದಕ್ಕಿಂತ ಹಳೆಯ ಸಾಕ್ಷಿ ಇಲ್ಲಿ ಬೇಕಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಈ ಸ್ಥಿತಿ ತಲೆಕೆಳಗಾಯಿತು. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದ ಮಾರಯ್ಯ, ಲಕ್ಕಮ್ಮ ದಂಪತಿ ಕಲ್ಯಾಣಕ್ಕೆ ಹೋಗಿ, ಚೆಲ್ಲಿದ ಅಕ್ಕಿ ಆಯುವ ಕಾಯಕ ಹಿಡಿದರು. ಆಯ್ದಕ್ಕಿ ಎಂಬ ಆ ಕಾಯಕವೇ ಅವರ ಹೆಸರಿಗೆ ಅಂಟಿತು. ಬಿಟ್ಟುಬಂದ ಊರು ಅಮರೇಶ್ವರಲಿಂಗವೆಂಬ ಅಂಕಿತದಲ್ಲಿ ಉಳಿಯಿತು. ಹುಟ್ಟಿದ ನೆಲವನ್ನೂ ದುಡಿದ ನೆಲವನ್ನೂ ಒಟ್ಟಿಗೆ ಹೊತ್ತ ಗುರುತು ಅದು. ಇವರನ್ನು ಲಿಂಗಸುಗೂರಿನವರು ಎಂದರೂ ಸರಿ, ಕಲ್ಯಾಣದವರು ಎಂದರೂ ಸರಿ.

ದಾಸರ ಕಾಲಕ್ಕೆ ಬಂದರೆ ಈ ಮಾತು ಇನ್ನೂ ಸ್ಪಷ್ಟ. ಮಾನ್ವಿ ಸೀಮೆಯ ಚೀಕಲಪರ್ವಿಯಲ್ಲಿ ಹುಟ್ಟಿದ ವಿಜಯದಾಸರು (1682–1755) ಕೊನೆಗೆ ನೆಲೆಯಾದದ್ದು ಇಂದು ಆಂಧ್ರಕ್ಕೆ ಸೇರಿದ ಚಿಪ್ಪಗಿರಿಯಲ್ಲಿ. ಎರಡೂ ಊರು ಅವರನ್ನು ತಮ್ಮವರೆನ್ನುತ್ತವೆ, ಯಾರೂ ಜಗಳವಾಡುವುದಿಲ್ಲ. ಮೊಸರಕಲ್ಲಿನ ಗೋಪಾಲದಾಸರು, ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯ ಹೆಸರಿನೊಂದಿಗೆ ಬೆರೆತ, 'ಹರಿಕಥಾಮೃತಸಾರ' ಬರೆದ ಜಗನ್ನಾಥದಾಸರು, ಲಿಂಗಸುಗೂರಿನ ಪ್ರಾಣೇಶದಾಸರು ಹೀಗೆ ಒಂದೇ ಸೀಮೆಯಲ್ಲಿ ಒಂದು ಪರಂಪರೆಯೇ ಬೆಳೆಯಿತು. ಇವರ ಹಾಡುಗಳು ಬಾಯಿಂದ ಬಾಯಿಗೆ ಬಂದರೂ ಇವತ್ತು ನಮ್ಮ ಕೈಗೆ ಪುಸ್ತಕವಾಗಿ ಸಿಗುವುದಕ್ಕೆ ಗೊರೆಬಾಳ ಹನುಮಂತರಾಯರಿಗೆ ಋಣಿಯಾಗಬೇಕು. ಲಿಂಗಸುಗೂರಿನಂಥ ಸಣ್ಣ ಊರಿನಲ್ಲಿ ಕೂತು ವರದೇಂದ್ರ ಹರಿದಾಸ ಸಾಹಿತ್ಯ ಮಂಡಲದ ಮೂಲಕ ಅವರು ಆ ಕೃತಿಗಳನ್ನು ಹುಡುಕಿ ಅಚ್ಚು ಹಾಕಿಸಿದರು. ಗಣ್ಯರ ಪಟ್ಟಿಯಲ್ಲಿ ಸಂಗ್ರಾಹಕರಿಗೆ ದೊಡ್ಡ ಜಾಗ ಸಿಗುವುದಿಲ್ಲ. ನನ್ನ ತೂಕದಲ್ಲಿ ಅವರು ಮುಂದಿನ ಸಾಲಿನವರು.

ನಿಜಾಮರ ಆಳ್ವಿಕೆಯಲ್ಲಿ ಶಾಲೆ, ಕಚೇರಿ ಎರಡರಲ್ಲೂ ಉರ್ದು ಮೇಲಾಗಿದ್ದಾಗ ರಾಯಚೂರಿನ ಶಿಕ್ಷಣಕ್ಕೆ ಜೀವ ತುಂಬಿದವರು ಮಂಗಳೂರಿನಲ್ಲಿ ಹುಟ್ಟಿದ ಪಂಡಿತ ತಾರಾನಾಥರು. 1920ರಲ್ಲಿ ಅವರು ಕಟ್ಟಿದ ಹಮ್‌ದರ್ದ್ ಶಾಲೆಯನ್ನು ಬಿಟ್ಟು ಆ ನಗರದ ಆಧುನಿಕ ಚರಿತ್ರೆ ಬರೆಯಲಾಗದು. ಹುಟ್ಟೂರಿನ ಲೆಕ್ಕ ಹಿಡಿದರೆ ಅವರು ದಕ್ಷಿಣ ಕನ್ನಡದವರು. ಆದರೆ ಅವರನ್ನು ರಾಯಚೂರಿನವರಲ್ಲ ಎನ್ನುವ ಧೈರ್ಯ ಯಾರಿಗೂ ಇಲ್ಲ. ಇತ್ತ ಹೆಂಬೇರಾಳಿನಲ್ಲಿ ಹುಟ್ಟಿದ ಶಾಂತರಸರು (1924–2008) ಉರ್ದುವಿನ ಗಜಲನ್ನು ಕನ್ನಡದ ಸೊತ್ತಾಗಿಸಿದರು, 2006ರಲ್ಲಿ ಬೀದರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಇಲ್ಲಿನ ಕನ್ನಡ ಹೊರಗಿನದನ್ನು ಅರಗಿಸಿಕೊಂಡೇ ಕಸುವು ಪಡೆದಿದೆ ಎನ್ನಲು ಅವರೊಬ್ಬರೇ ಸಾಕು. ಇನ್ನು ಜಿಲ್ಲೆಯ ಗಡಿಯೇ ನಿಂತಲ್ಲಿ ನಿಲ್ಲದು. ಯಲಬುರ್ಗಾ ಸೀಮೆಯ ದ್ಯಾಂಪುರದ ಸಿದ್ದಯ್ಯ ಪುರಾಣಿಕರು ಬದುಕಿದ್ದಷ್ಟು ಕಾಲ ರಾಯಚೂರು ಜಿಲ್ಲೆಯವರು. 1997ರಲ್ಲಿ ಕೊಪ್ಪಳ ಬೇರೆಯಾದ ಮೇಲೆ, ತೀರಿಕೊಂಡ ನಂತರ, ಇನ್ನೊಂದು ಜಿಲ್ಲೆಯವರಾದರು.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಈ ನೆಲಕ್ಕೆ ಹೊಸ ಜನ ಬಂದರು. ಕರಾವಳಿ ಆಂಧ್ರದ ರೈತರು ಭೂಮಿ ಕೊಂಡು ಕ್ಯಾಂಪು ಹಾಕಿದರು. ಒಣಬೇಸಾಯದ ಸೀಮೆ ಭತ್ತದ ಕಣಜವಾಯಿತು. ಚಿತ್ರ ನಿರ್ದೇಶಕ ಎಸ್.ಎಸ್. ರಾಜಮೌಳಿ 1973ರಲ್ಲಿ ಹುಟ್ಟಿದ್ದು ಮಾನ್ವಿ ಸೀಮೆಯ ಅಮರೇಶ್ವರ ಕ್ಯಾಂಪಿನಲ್ಲಿ. ಇಂದು ಅವರ ಹೆಸರು ಜಿಲ್ಲೆಯ ಪಟ್ಟಿಗಳಲ್ಲಿ ಹೆಮ್ಮೆಯಿಂದ ಕಾಣಿಸುತ್ತದೆ. ಅದೇ ಕಾಲದ ಆಸುಪಾಸಿನಲ್ಲಿ ಪೂರ್ವ ಪಾಕಿಸ್ತಾನದಿಂದ ಎಲ್ಲ ಕಳೆದುಕೊಂಡು ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಸಿಂಧನೂರಿನ ಬಳಿ ಪುನರ್ವಸತಿ ಕೊಟ್ಟಿತು. ಅವೇ ಆರ್.ಎಚ್. ಕ್ಯಾಂಪುಗಳು, ಹೆಸರಿಲ್ಲದೆ ಅಂಕಿಯಿಂದ ಗುರುತಿಸಿಕೊಂಡ ಊರುಗಳು. ಆ ಜನ ಎರೆಭೂಮಿಯಲ್ಲಿ ಬೇಸಾಯ ಕಲಿತರು, ದುರ್ಗಾಪೂಜೆಯನ್ನು ಉಳಿಸಿಕೊಂಡರು. ಅಲ್ಲಿನ ಹೆಣ್ಣುಮಕ್ಕಳು ಕಾಂತಾ ಕಸೂತಿಯನ್ನು ಜೀವನೋಪಾಯವಾಗಿಸಿಕೊಂಡರು. ಇವರಲ್ಲಿ ಒಬ್ಬರ ಹೆಸರೂ ನಮ್ಮ ಪಟ್ಟಿಗಳಲ್ಲಿ ಕಾಣುವುದಿಲ್ಲ.

ಬಂದವರನ್ನೆಲ್ಲ ಸೇರಿಸಿದರೆ ಪಟ್ಟಿಗೆ ಅರ್ಥವೇ ಉಳಿಯದು ಎಂಬ ಆಕ್ಷೇಪ ಬರಬಹುದು. ಹಾದುಹೋದವರನ್ನು ಸೇರಿಸಿ ಎಂದು ನಾನು ಹೇಳುತ್ತಿಲ್ಲ. ಒಬ್ಬರ ದುಡಿಮೆಯಿಂದ ಈ ಸೀಮೆಯ ಬದುಕಿನಲ್ಲಿ ಏನು ಬದಲಾಯಿತು ಎಂದು ಕೇಳೋಣ. ಉತ್ತರ ಸಿಕ್ಕರೆ ಅವರು ಇಲ್ಲಿನವರು. ಎಳವೆಯಲ್ಲೇ ಇಲ್ಲಿಂದ ಹೊರಟುಹೋದ ರಾಜಮೌಳಿಗಿಂತ ಐವತ್ತು ವರ್ಷ ಇದೇ ಮಣ್ಣಿನಲ್ಲಿ ದುಡಿದವರಿಗೆ ಈ ಪ್ರಶ್ನೆಯಲ್ಲಿ ಹೆಚ್ಚು ಅಂಕ ಸಿಗುತ್ತದೆ, ಸಿಗಬೇಕು. ಕ್ಯಾಂಪಿನಿಂದ ಹೆಸರು ಮಾಡಿದವರು ಇದ್ದಾರೆಯೇ, ಇದ್ದರಲ್ಲವೇ ಸೇರಿಸುವುದು ಎಂಬ ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಆದರೆ ಹಾಡು ಕಟ್ಟಿದವರಿಗೆ ಕೀರ್ತಿ ಬಂದದ್ದು ಗೊರೆಬಾಳರಂಥವರು ಹುಡುಕಿ ಹೊರಟದ್ದರಿಂದಲೂ ಹೌದು. ಕ್ಯಾಂಪುಗಳ ಕಡೆಗೆ ಅಂಥ ಹುಡುಕಾಟ ಇನ್ನೂ ಹೊರಟಿಲ್ಲ. ಅಲ್ಲಿನ ನೆನಪುಗಳು ಬಂಗಾಳಿಯಲ್ಲಿವೆ, ಬರೆದುಕೊಳ್ಳಬೇಕಾದವರು ಕನ್ನಡದವರು. ನಡುವಿನ ಈ ಅಂತರವನ್ನು ಕನ್ನಡ ಶಾಲೆಯಲ್ಲಿ ಓದಿದ ಅಲ್ಲಿನ ಮಕ್ಕಳು, ಮೊಮ್ಮಕ್ಕಳೇ ದಾಟಿಸಬಲ್ಲರು.

ವಯಸ್ಕರಾಗಿ ಇಲ್ಲಿಗೆ ಬಂದ ಮೊದಲ ತಲೆಮಾರು ಈಗ ಎಪ್ಪತ್ತು ದಾಟಿದೆ, ಹಲವರು ಎಂಬತ್ತರ ಹತ್ತಿರ ಇದ್ದಾರೆ. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಕಾಲೇಜು ಅಧ್ಯಾಪಕರೂ ಸಾಹಿತ್ಯ ಪರಿಷತ್ತಿನ ತಾಲ್ಲೂಕು ಘಟಕಗಳೂ ಈ ಹಿರಿಯರ ಮಾತನ್ನು ಅವರ ಭಾಷೆಯಲ್ಲೇ ಧ್ವನಿಮುದ್ರಿಸಿ, ಕನ್ನಡಕ್ಕೆ ತಂದು, ಮುಂದಿನ ಜಿಲ್ಲಾ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಅವರ ಹೆಸರುಗಳೊಂದಿಗೆ ಅಚ್ಚು ಹಾಕಬೇಕೆಂದು ಕೇಳಿಕೊಳ್ಳುತ್ತೇನೆ.