ಹಿರಿತನದ ವ್ಯಾಜ್ಯಕ್ಕೆ ಹರಳಿನ ಸಾಕ್ಷಿ

ಹೊಸಹಳ್ಳಿ ಮೆಟ್ರೋ ನಿಲ್ದಾಣದ ಮೆಟ್ಟಿಲಿಳಿದು ವಿಜಯನಗರದ ಹಳೆಯ ಅಡ್ಡರಸ್ತೆಗಳಿಗೆ ಹೊರಳಿದರೆ, ಚರಂಡಿಯ ಮೇಲೆ ಹಾಸಿದ ಕಲ್ಲುಚಪ್ಪಡಿಗಳು ಅಲ್ಲಲ್ಲಿ ಇನ್ನೂ ಉಳಿದಿವೆ. ಮಳೆ ಸುರಿದು ಧೂಳು ತೊಳೆದ ಮೇಲೆ ಒಂದು ಚಪ್ಪಡಿಯನ್ನು ಬಗ್ಗಿ ನೋಡಬೇಕು. ಬಿಳಿಯದೊಂದು ಪಟ್ಟೆ, ಬೂದು ಬಣ್ಣದ್ದೊಂದು, ನಡುವೆ ಕಪ್ಪು ಅಭ್ರಕದ ಗೆರೆ. ಕೆಲವು ಕಡೆ ಪಟ್ಟೆಗಳು ಸೀರೆಯ ನೆರಿಗೆಯಂತೆ ಮಡಿಸಿಕೊಂಡಿವೆ. ಭೂವಿಜ್ಞಾನಿಗಳು ಇದನ್ನು ನೈಸ್ ಎನ್ನುತ್ತಾರೆ. ಲಾಲ್‌ಬಾಗಿನ ಬಂಡೆಯೂ ಇದೇ ಕುಲದ್ದು. ಅದಕ್ಕೆ 300 ಕೋಟಿ ವರ್ಷ ಎಂದು ಅಲ್ಲಿನ ಫಲಕ ಹೇಳುತ್ತದೆ. ಕಲ್ಲಿನ ಮೇಲೆ ಇಸವಿ ಕೊರೆದಿರುವುದಿಲ್ಲ. ಹಾಗಿದ್ದೂ ಇಂಥ ಅಂಕಿಯನ್ನು ಧೈರ್ಯವಾಗಿ ಹೇಳುವ ಹಂತಕ್ಕೆ ಬರಲು ಕರ್ನಾಟಕದ ಭೂವಿಜ್ಞಾನ ನೂರು ವರ್ಷ ದುಡಿಯಿತು.

ಮೊದಲಿದ್ದ ಪ್ರಶ್ನೆ ವಯಸ್ಸಿನದಲ್ಲ, ಹಿರಿತನದ್ದು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ, ಹಾಳೆಯಂತೆ ಪದರು ಬಿಡುವ ನಮ್ಮ ಶಿಸ್ಟ್ ಶಿಲೆಗಳಿಗೆ ‘ಧಾರವಾಡ’ ಎಂದು ಹೆಸರಿಟ್ಟರು. ಕೋಲಾರದ ಚಿನ್ನ ಇದ್ದದ್ದು ಇಂಥ ಶಿಸ್ಟ್‌ನಲ್ಲೇ, ಹಾಗಾಗಿ ಇದು ಪಂಡಿತರಿಗಷ್ಟೇ ಸಂಬಂಧಪಟ್ಟ ಮಾತಾಗಿರಲಿಲ್ಲ. ನೈಸ್ ಹಳೆಯ ನೆಲಗಟ್ಟು, ಧಾರವಾಡ ಶಿಲೆಗಳು ಅದರ ಮೇಲೆ ಆಮೇಲೆ ಬಂದು ಕೂತವು ಎಂಬುದು ಫೂಟ್ ಅವರ ಎಣಿಕೆ. 1894ರಲ್ಲಿ ಮೈಸೂರು ಭೂವಿಜ್ಞಾನ ಇಲಾಖೆ ಶುರುವಾದಾಗ ಅದರ ಮೊದಲ ಮುಖ್ಯಸ್ಥರೂ ಅವರೇ ಆದರು. ಅದೇ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್ 1916ರಲ್ಲಿ ನೈಸ್‌ಗೆ ‘ಪೆನಿನ್ಸುಲಾರ್ ನೈಸ್’ ಎಂಬ ಹೆಸರು ಕೊಟ್ಟರು, ಜೊತೆಗೆ ಮಾತನ್ನು ತಲೆಕೆಳಗು ಮಾಡಿದರು: ಧಾರವಾಡವೇ ಹಿರಿಯದು, ನೈಸ್ ಅದರೊಳಕ್ಕೆ ಕರಗಿ ನುಗ್ಗಿದ್ದು. ಎರಡಕ್ಕೂ ಬಯಲಿನಲ್ಲಿ ಸಾಕ್ಷಿಯಿತ್ತು. ಒಂದು ಕಡೆ ನೈಸ್‌ನ ಎಳೆ ಶಿಸ್ಟನ್ನು ಸೀಳಿಕೊಂಡು ಹೋಗಿದೆ. ಇನ್ನೊಂದು ಕಡೆ, ತರೀಕೆರೆ ಸೀಮೆಯ ಕಲ್ದುರ್ಗದಲ್ಲಿ, ಧಾರವಾಡ ಶಿಲೆಯ ಹೊಟ್ಟೆಯೊಳಗೇ ನೈಸ್‌ನ ಉರುಟುಗಲ್ಲುಗಳು ಕೂತಿವೆ. ಅನ್ನದಲ್ಲಿ ಸಿಕ್ಕ ಕಲ್ಲು ಅನ್ನಕ್ಕಿಂತ ಮೊದಲೇ ಇದ್ದಿರಲೇಬೇಕಲ್ಲ! ಈ ವ್ಯಾಜ್ಯ ಎರಡು ಮೂರು ತಲೆಮಾರು ನಡೆಯಿತು.

ಅಷ್ಟರಲ್ಲಿ, ಪರಮಾಣುಗಳ ಕ್ಷಯದಿಂದ ಕಲ್ಲಿನ ವಯಸ್ಸು ಎಣಿಸುವ ವಿಕಿರಣದ ಗಡಿಯಾರ ಬಂದಿತ್ತು. ಬ್ರಿಟನ್ನಿನ ಭೂವಿಜ್ಞಾನಿ ಆರ್ಥರ್ ಹೋಮ್ಸ್ 1955ರಲ್ಲೇ ಭಾರತದ ಪುರಾತನ ಶಿಲೆಗಳ ಕಾಲಮಾಪನದ ಬಗ್ಗೆ ಬರೆದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಭೌತವಿಜ್ಞಾನಿ ವಿ.ಎಸ್. ವೆಂಕಟಸುಬ್ರಮಣಿಯನ್ ಇಲ್ಲೇ ಈ ಕೆಲಸಕ್ಕೆ ಕೈಹಾಕಿದರು. ಕಲ್ದುರ್ಗದ ಅದೇ ಉರುಟುಗಲ್ಲುಗಳ ವಯಸ್ಸು 300 ಕೋಟಿ ವರ್ಷ ಮೀರಿದ್ದು ಎಂದು 1974ರಲ್ಲಿ ಪ್ರಕಟಿಸಿದವರು ಅವರು ಮತ್ತು ಅವರ ಸಹೋದ್ಯೋಗಿ. 1980ರಲ್ಲಿ ಬೆಕಿನ್‌ಸೇಲ್, ಡ್ರೂರಿ, ಹೋಲ್ಟ್ ಎಂಬ ಮೂವರು ಹಾಸನ ಜಿಲ್ಲೆಯ ಗೊರೂರಿನ ನೈಸ್‌ಗೆ 336 ಕೋಟಿ ವರ್ಷ ಎಂದು ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಸಾಹಿತ್ಯ ಓದಿದವರಿಗೆ ಗೊರೂರು ಹೇಮಾವತಿ ತೀರದ ಊರು. ಭೂವಿಜ್ಞಾನಿಗಳಿಗೆ ಅದು ದಕ್ಷಿಣ ಭಾರತದ ಅತಿ ಹಳೆಯ ನೆಲಗಳಲ್ಲೊಂದು.

ಕಲ್ದುರ್ಗ, ಗೊರೂರಿನ ಈ ಅಂಕಿಗಳು ರುಬಿಡಿಯಂ–ಸ್ಟ್ರಾನ್ಷಿಯಂ ಲೆಕ್ಕಗಳು. ಇಡೀ ಕಲ್ಲನ್ನು ಪುಡಿಮಾಡಿ ಅಳೆಯುವ ಈ ವಿಧಾನಕ್ಕೆ ಒಂದು ದೋಷವಿದೆ. ನೆಲದಾಳದಲ್ಲಿ ಕಲ್ಲು ಮತ್ತೆ ಕಾದರೆ, ಅದರಲ್ಲಿ ಬಿಸಿನೀರು ಹರಿದರೆ, ಗಡಿಯಾರ ಕೆಡುತ್ತದೆ. ನಮ್ಮ ನೈಸ್ ಒಂದಲ್ಲ, ಹಲವು ಸಲ ಕಾದದ್ದು. ಹುಟ್ಟಿದ ದಿನವನ್ನೂ ಬೆಂದ ದಿನವನ್ನೂ ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳುವ ಖನಿಜವೊಂದು ಬೇಕಿತ್ತು.

ಅದೇ ಜಿರ್ಕಾನ್. ಅಂಗಡಿಯ ‘ಅಮೆರಿಕನ್ ಡೈಮಂಡ್’ ಓಲೆಯ ಕಲ್ಲು ಇದಲ್ಲ, ಅದು ಕಾರ್ಖಾನೆಯಲ್ಲಿ ಮಾಡಿದ ಜಿರ್ಕೋನಿಯಾ. ನಾನು ಹೇಳುತ್ತಿರುವುದು ಜಿರ್ಕೋನಿಯಂ ಸಿಲಿಕೇಟಿನ ನೈಸರ್ಗಿಕ ಹರಳು, ಸಾಮಾನ್ಯವಾಗಿ ಗಸಗಸೆ ಕಾಳಿಗಿಂತಲೂ ಚಿಕ್ಕದು. ಶಿಲಾರಸ ಆರುವಾಗ ಈ ಹರಳು ಯುರೇನಿಯಂ ಪರಮಾಣುಗಳನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಬಹುಮಟ್ಟಿಗೆ ಹೊರಗೇ ನಿಲ್ಲಿಸುತ್ತದೆ. ಹಾಗಾಗಿ ಇಂದು ಅದರೊಳಗೆ ಸಿಗುವ ಸೀಸವೆಲ್ಲ ಹೆಚ್ಚುಕಡಿಮೆ ಒಳಗೇ ಯುರೇನಿಯಂ ಕ್ಷಯಿಸಿ ಆದದ್ದು. ಯುರೇನಿಯಂ-238 ಅರ್ಧವಾಗಲು ಸುಮಾರು 447 ಕೋಟಿ ವರ್ಷ ಬೇಕು, ಯುರೇನಿಯಂ-235ಕ್ಕೆ ಸುಮಾರು 70 ಕೋಟಿ. ಒಂದೇ ಹರಳಿನಲ್ಲಿ ಎರಡು ಗಡಿಯಾರ! ಎರಡೂ ಒಂದೇ ಹೊತ್ತು ತೋರಿಸಿದರೆ ನಂಬಬಹುದು; ತೋರಿಸದಿದ್ದರೆ ಹರಳು ನಡುವೆ ಸೀಸ ಕಳೆದುಕೊಂಡಿದೆ ಎಂದು ತಿಳಿಯುತ್ತದೆ. ತನ್ನ ತಪ್ಪನ್ನು ತಾನೇ ತೋರಿಸಿಕೊಡುವ ಗುಣ ಬೇರೆ ಗಡಿಯಾರಗಳಿಗೆ ಇಷ್ಟು ಚೆನ್ನಾಗಿ ಇಲ್ಲ.

ಹರಳನ್ನು ಬಂಡೆಯಿಂದ ಬಿಡಿಸುವುದು ಅಡುಗೆಮನೆಯಲ್ಲಿ ಅಕ್ಕಿ ಜಾಲಿಸುವಂಥ ಕೆಲಸ. ಹತ್ತಿಪ್ಪತ್ತು ಕಿಲೋ ಕಲ್ಲನ್ನು ಒಡೆದು, ಪುಡಿಮಾಡಿ, ಜರಡಿ ಹಿಡಿದು, ನೀರಿನಲ್ಲಿ ಅಲುಗಿಸಿದರೆ ಹಗುರವಾದದ್ದು ಕೊಚ್ಚಿ ಹೋಗಿ ಭಾರವಾದದ್ದು ತಳದಲ್ಲಿ ನಿಲ್ಲುತ್ತದೆ. ಆಮೇಲೆ ಅಯಸ್ಕಾಂತದಿಂದ ಕಬ್ಬಿಣದ ಖನಿಜಗಳನ್ನು ತೆಗೆದು, ಉಳಿದದ್ದನ್ನು ಭಾರದ ದ್ರವಕ್ಕೆ ಸುರಿಯುತ್ತಾರೆ. ಬೆಣಚುಕಲ್ಲಿನ ಕಣ ತೇಲುತ್ತದೆ, ಅದಕ್ಕಿಂತ ಒಂದೂಮುಕ್ಕಾಲು ಪಟ್ಟು ತೂಗುವ ಜಿರ್ಕಾನ್ ಮುಳುಗುತ್ತದೆ. ಕೊನೆಯ ಕೆಲಸ ಕಣ್ಣಿನದು. ಸೂಕ್ಷ್ಮದರ್ಶಕದ ಕೆಳಗೆ ಸೂಜಿಮೊನೆಯಿಂದ ಒಂದೊಂದೇ ಹರಳನ್ನು ಆರಿಸಿ, ಅಂಟಿನಲ್ಲಿ ಕೂರಿಸಿ, ಅರ್ಧ ಸವೆಯುವವರೆಗೆ ಉಜ್ಜಬೇಕು. ಆಗ ಎಲೆಕ್ಟ್ರಾನ್ ಕಿರಣ ಬಿಟ್ಟರೆ ಹರಳು ಮಂಕಾಗಿ ಬೆಳಗಿ, ಹೆಚ್ಚಿದ ಈರುಳ್ಳಿಯಂತೆ ಸುತ್ತು ಸುತ್ತಾಗಿ ಕಾಣುತ್ತದೆ: ನಡುವೆ ಹುಟ್ಟಿದಾಗಿನ ತಿರುಳು, ಹೊರಗೆ ಆಮೇಲಿನ ಬೇಗೆಯಲ್ಲಿ ಬೆಳೆದ ಸಿಪ್ಪೆ.

ಮೊದಮೊದಲು ಹರಳುಗಳನ್ನು ಆಮ್ಲದಲ್ಲಿ ಕರಗಿಸಿಯೇ ಅಳೆಯಬೇಕಿತ್ತು. 1973ರಲ್ಲಿ ಟಾಮ್ ಕ್ರೋಗ್ ಟೆಫ್ಲಾನ್ ಪಾತ್ರೆಯಲ್ಲಿ ಕರಗಿಸುವ ಶುದ್ಧ ವಿಧಾನ ರೂಪಿಸಿದ ಮೇಲೆ ನಿಖರತೆ ಬಹಳ ಹೆಚ್ಚಿತು. ಆದರೂ ತಿರುಳು, ಸಿಪ್ಪೆ ಎರಡೂ ಒಟ್ಟಿಗೇ ಕರಗುತ್ತಿದ್ದವು. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ವಿಲಿಯಂ ಕಾಂಪ್ಸ್ಟನ್ ತಂಡ ಕಟ್ಟಿದ ‘ಶ್ರಿಂಪ್’ ಯಂತ್ರ 1980ರ ಸುಮಾರಿಗೆ ಈ ತೊಡಕು ಬಿಡಿಸಿತು. ಅಯಾನುಗಳ ಕಿರಣದಿಂದ ಕೂದಲಿಗಿಂತ ಕಿರಿದಾದ ಚುಕ್ಕೆಯೊಂದನ್ನು ಮಾತ್ರ ಕೆರೆದು, ಅಲ್ಲಿನ ಸೀಸ ಮತ್ತು ಯುರೇನಿಯಂ ಅನ್ನು ಅದು ಎಣಿಸುತ್ತದೆ. ಆಸ್ಟ್ರೇಲಿಯಾದ ಜಾಕ್ ಹಿಲ್ಸ್‌ನ ಒಂದು ಹರಳಿಗೆ 440 ಕೋಟಿ ವರ್ಷ ಎಂದು 2001ರಲ್ಲಿ ಗೊತ್ತಾದದ್ದು ಇಂಥ ಯಂತ್ರದಿಂದಲೇ. ಭೂಮಿಯ ವಯಸ್ಸೇ ಸುಮಾರು 455 ಕೋಟಿ.

ಆ ಯಂತ್ರದ ಮುಂದೆ ನಮ್ಮ ಕಲ್ಲು ಬೇಗನೆ ಹೋಗಿ ಕೂತಿತು. 1991ರಲ್ಲಿ ಫ್ರೆಂಡ್ ಮತ್ತು ನಟ್‌ಮನ್ ಎಂಬ ಭೂವಿಜ್ಞಾನಿಗಳು, ರಾಮನಗರದ ಹಳೆಯ ಹೆಸರನ್ನೇ ಹೊತ್ತ ಕ್ಲೋಸ್‌ಪೇಟ್ ಗ್ರಾನೈಟಿಗೆ 251 ಕೋಟಿ 30 ಲಕ್ಷ ವರ್ಷ, ಅತ್ತಿತ್ತ 50 ಲಕ್ಷ ಎಂದರು. ಮರುವರ್ಷ, ಶಿಸ್ಟ್‌ಗಳಲ್ಲೇ ಹಳೆಯವಾದ ಸರಗೂರು ಶಿಲೆಗಳಲ್ಲಿ ಮರಳಿನೊಡನೆ ಬಂದು ಕೂತ ಜಿರ್ಕಾನ್‌ಗಳ ನಡುವೆ 358 ಕೋಟಿ ವರ್ಷದವು ಸಿಕ್ಕವು. ಅಷ್ಟು ಹಳೆಯ ಬಂಡೆ ಆಗ ಕರ್ನಾಟಕದಲ್ಲಿ ಯಾರ ಕೈಗೂ ಸಿಕ್ಕಿರಲಿಲ್ಲ; ತಾಯಿ ಕಾಣದಿದ್ದರೂ ಮಗು ಸಿಕ್ಕಿತು. 1997ರಲ್ಲಿ ಟ್ರೆಂಡಲ್ ತಂಡ ಮುಳ್ಳಯ್ಯನಗಿರಿಯ ಕಬ್ಬಿಣದ ಅದಿರಿನ ಪದರಗಳ ಬುಡಕ್ಕೆ 272 ಕೋಟಿ ವರ್ಷ ಕೊಟ್ಟಿತು. ಈ ಮೂರೂ ಫಲಿತಾಂಶ ಅಚ್ಚಾದದ್ದು ಬೆಂಗಳೂರಿನಲ್ಲೇ, ಬಿ.ಪಿ. ರಾಧಾಕೃಷ್ಣ ಬೆಳೆಸಿದ ಭಾರತೀಯ ಭೂವೈಜ್ಞಾನಿಕ ಸಂಘದ ನಿಯತಕಾಲಿಕದಲ್ಲಿ. ಯಂತ್ರ ಹೊರದೇಶದ್ದು ನಿಜ. ಆದರೆ ಯಾವ ಬಂಡೆಯನ್ನು ಒಡೆಯಬೇಕೆಂದು ತೋರಿಸಿದ್ದು ಇಲ್ಲಿನವರು ಕಾಲ್ನಡಿಗೆಯಲ್ಲಿ ಬರೆದ ನಕ್ಷೆಗಳು. ಆ ಶ್ರಮಕ್ಕೆ ಸಲ್ಲಬೇಕಾದ ಗೌರವ ಪೂರ್ತಿ ಸಂದಿಲ್ಲ ಎಂದೇ ನನ್ನ ಎಣಿಕೆ.

ಹಿರಿತನದ ವ್ಯಾಜ್ಯವೂ ತೀರಿತು. ಸ್ವಾಮಿನಾಥ್ ಮತ್ತು ರಾಮಕೃಷ್ಣನ್ 1981ರಲ್ಲಿ ಶಿಸ್ಟ್‌ಗಳನ್ನು ಹಳೆಯ ‘ಸರಗೂರು’, ಹೊಸ ‘ಧಾರವಾಡ’ ಎಂದು ಎರಡು ಮಾಡಿದ್ದರು. ಹೊಳೆನರಸೀಪುರದ ಸರಗೂರು ಶಿಲೆಯೊಂದು 330 ಕೋಟಿ ವರ್ಷದ್ದು ಎಂದು ಜಿರ್ಕಾನ್ ಹೇಳಿತು. ಮುಳ್ಳಯ್ಯನಗಿರಿಯ ಆ ಧಾರವಾಡ ಪದರಗಳೋ ಹಳೆಯ ನೈಸ್‌ಗಿಂತ ಎಷ್ಟೋ ಕಿರಿಯವು. ಅಂದರೆ ಧಾರವಾಡದ ಮಟ್ಟಿಗೆ ಫೂಟ್ ಸರಿ. ನೈಸ್‌ನ ಎಷ್ಟೋ ಭಾಗಕ್ಕಿಂತ ಹಳೆಯ ಶಿಸ್ಟೂ ಉಂಟು ಎಂಬಷ್ಟರ ಮಟ್ಟಿಗೆ ಸ್ಮೀತ್ ಸರಿ.

ಹೊಸಹಳ್ಳಿಯಿಂದ ಮೆಟ್ರೋದ ನೇರಳೆ ಮಾರ್ಗದಲ್ಲಿ ಕೆಂಗೇರಿ ಕಡೆಗೆ ಹೋದರೆ ಜ್ಞಾನಭಾರತಿ. ಅಲ್ಲಿನ ಬೆಂಗಳೂರು ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗದಲ್ಲಿ ದುಡಿದು, ಆಮೇಲೆ ದೆಹಲಿ, ಹೈದರಾಬಾದ್ ವಿಶ್ವವಿದ್ಯಾಲಯಗಳಿಗೆ ಹೋದ ಭೂರಸಾಯನ ವಿಜ್ಞಾನಿ ಎಂ. ಜಯಾನಂದ ಈ ಬಿಡಿ ಅಂಕಿಗಳನ್ನು ಒಂದು ಕಥೆಯಾಗಿ ಹೆಣೆದವರಲ್ಲಿ ಮುಖ್ಯರು. 1993ರಲ್ಲಿ ಫ್ರಾನ್ಸಿನ ಪ್ಯೂಕಾ ಮತ್ತು ಇಲ್ಲಿನ ಬಿ. ಮಹಾಬಲೇಶ್ವರ್ ಅವರೊಡನೆ ಗೊರೂರು–ಹಾಸನದ ನೈಸನ್ನು ಕೃಷ್ಣಗಿರಿಯದರ ಪಕ್ಕಕ್ಕಿಟ್ಟು ನೋಡಿದರು. ಕಣ್ಣಿಗೆ ಒಂದೇ ಬಗೆಯಾಗಿ ಕಾಣುವ ಕಲ್ಲುಗಳಲ್ಲಿ ಕೃಷ್ಣಗಿರಿಯದು ಹಲವು ಹತ್ತು ಕೋಟಿ ವರ್ಷ ಕಿರಿಯದು! ಮುಂದೆ ಈ ಪುರಾತನ ನೆಲದ ಪೂರ್ವ ಭಾಗದಲ್ಲಿ 255–252 ಕೋಟಿ ವರ್ಷದ ಹಿಂದೆ ಶಿಲಾರಸ ಉಕ್ಕಿದ್ದನ್ನು ಅವರ ತಂಡ 2000ದಲ್ಲಿ ತೋರಿಸಿತು. ಜಿರ್ಕಾನ್ ಹುಟ್ಟುವುದೇ ವಿರಳವಾದ ಕೊಮಟೈಟ್ ಲಾವಾಕ್ಕೆ ಸಮೇರಿಯಂ–ನಿಯೋಡಿಮಿಯಂ ಲೆಕ್ಕ ಹಿಡಿದು 335 ಕೋಟಿ ವರ್ಷ ಎಂದರು (2008). ಅಂಥ ಲಾವಾ ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲೂ ಇದೆ. ಹೊಸಹಳ್ಳಿ ಎಂಬ ಹೆಸರಿನ ಊರಿನ ಕೆಳಗೆ ಇಷ್ಟು ಹಳೆಯ ಕಲ್ಲು ಮಲಗಿದೆ ಎಂಬುದು ನನಗೆ ಪ್ರತಿಸಲವೂ ರೋಮಾಂಚನದ ಸಂಗತಿ. 2018ರ ಸಮೀಕ್ಷೆಯಲ್ಲಿ ಜಯಾನಂದ ತಂಡ ಹೇಳಿದಂತೆ ಈ ನೆಲ ಒಮ್ಮೆಗೇ ಆದದ್ದಲ್ಲ, 345 ಕೋಟಿ ವರ್ಷದ ಹಿಂದಿನಿಂದ 252 ಕೋಟಿಯವರೆಗೆ ಐದು ಕಂತುಗಳಲ್ಲಿ ಬೆಳೆದದ್ದು. ಪಶ್ಚಿಮದಲ್ಲಿ ಹಳೆಯದು, ಪೂರ್ವದಲ್ಲಿ ಹೊಸದು, ಬೆಂಗಳೂರಿನ ಆಸುಪಾಸಿನಲ್ಲಿ ಎರಡೂ ಬೆರೆತದ್ದು. ನಮ್ಮ ಚಪ್ಪಡಿಯ ಒಂದು ಪಟ್ಟೆಗೂ ಪಕ್ಕದ ಪಟ್ಟೆಗೂ ವಯಸ್ಸು ಬೇರೆಯಿರಲು ಸಾಧ್ಯ.

ಈಚೆಗೆ ಹರಳನ್ನು ಲೇಸರ್‌ನಿಂದ ಕೆರೆದು ಅಳೆಯುವ ಯಂತ್ರಗಳು ಭಾರತದ ಹಲವು ಪ್ರಯೋಗಾಲಯಗಳಿಗೆ ಬಂದಿವೆ. ಅದೇ ಹರಳಿನ ಹಾಫ್ನಿಯಂ ಅಳೆದು, ಶಿಲಾರಸ ಭೂಗರ್ಭದಿಂದ ಹೊಸದಾಗಿ ಬಂದದ್ದೋ ಹಳೆಯ ನೆಲವೇ ಕರಗಿ ಆದದ್ದೋ ಎಂದೂ ಹೇಳುತ್ತಾರೆ. ಪೂರ್ವ ಭಾರತದ ಸಿಂಗಭೂಮದ ಬಂಡೆಯಲ್ಲಿ 424 ಕೋಟಿ ವರ್ಷದ ಹರಳು ಸಿಕ್ಕ ಸುದ್ದಿ 2018ರಲ್ಲಿ ಬಂದ ಮೇಲೆ, ಭಾರತದ ಹಳೆಯ ನೆಲಗಳನ್ನೆಲ್ಲ ಮತ್ತೊಮ್ಮೆ ಜಾಲಿಸಿ ನೋಡಬೇಕೆಂಬ ಹುರುಪು ಹುಟ್ಟಿದೆ.

ಹುಟ್ಟನ್ನೂ ಬೇಗೆಯನ್ನೂ ಹರಳು ನೆನಪಿಟ್ಟುಕೊಂಡದ್ದಕ್ಕೆ ಸಾಕ್ಷಿ ಹತ್ತಿರದಲ್ಲೇ ಇದೆ: ಕನಕಪುರದ ಆಚೆ ಕಬ್ಬಾಳದುರ್ಗದ ಬುಡದಲ್ಲಿ ಕಲ್ಲುಗಣಿಯೊಂದಿದೆ. ಬಿಳಿ ನೈಸ್‌ನಲ್ಲಿ ಎಣ್ಣೆ ಚೆಲ್ಲಿದಂತೆ ಕಪ್ಪುಹಸಿರು ಮಚ್ಚೆಗಳು. ನೈಸ್ ಬೆಂದು ಚಾರ್ನೊಕೈಟ್ ಎಂಬ ಗಾಢ ಬಣ್ಣದ ಶಿಲೆಯಾಗುತ್ತಿದ್ದ ಗಳಿಗೆ ಅಲ್ಲೇ ನಿಂತುಬಿಟ್ಟಿದೆ ಎಂದು ಸಿ.ಎಸ್. ಪಿಚ್ಚಮುತ್ತು 1960ರಲ್ಲೇ ಬರೆದಿದ್ದರು. ಮೂವತ್ತೆರಡು ವರ್ಷದ ಮೇಲೆ ಅಲ್ಲಿನ ಜಿರ್ಕಾನ್ ಅಳೆದಾಗ ತಿರುಳಿಗೆ ಸುಮಾರು 296 ಕೋಟಿ ವರ್ಷ, ಮೇಲಿನ ತೆಳು ಸಿಪ್ಪೆಗೆ ಸುಮಾರು 252 ಕೋಟಿ.